ಇಪ್ಪತ್ತು ಮೀಟರ್ ತಂತಿಯ ಪರವಾಗಿ

2024ರ ಮೇ 13ರ ಸಂಜೆ ಬೀಸಿದ ಬಿರುಗಾಳಿಗೆ ಘಾಟ್ಕೋಪರಿನಲ್ಲಿ ಭಾರೀ ಜಾಹೀರಾತು ಫಲಕವೊಂದು ಪೆಟ್ರೋಲ್ ಪಂಪಿನ ಮೇಲೆ ಮಗುಚಿ ಬಿದ್ದು 17 ಮಂದಿ ಪ್ರಾಣ ಕಳೆದುಕೊಂಡರು. ಅದಾದ ವಾರದೊಳಗೆ ಮುಲುಂಡಿನ ನಮ್ಮ ಸೊಸೈಟಿಯ ಸೂಚನಾ ಫಲಕದಲ್ಲಿ ಒಂದು ಹಾಳೆ ಕಾಣಿಸಿಕೊಂಡಿತು. ತಾರಸಿಯ ಮೇಲಿರುವ ‘ಅನಧಿಕೃತ ಟವರ್’ ಅನ್ನು ಹದಿನೈದು ದಿನಗಳೊಳಗೆ ತೆಗೆಯತಕ್ಕದ್ದು ಎಂದು ಅದರಲ್ಲಿತ್ತು. ಹೆಸರು ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಅದು ನನ್ನದು.

ನಿಜ ಹೇಳಬೇಕೆಂದರೆ ಅದು ಟವರ್ ಅಲ್ಲ. ಲಿಫ್ಟ್ ಕೋಣೆಯ ಗೋಡೆಗೆ ಪಟ್ಟಿ ಹಾಕಿ ಬಿಗಿದ ಆರು ಮೀಟರಿನ ಒಂದು ಜಿ.ಐ. ಪೈಪು. ಅದರ ತುದಿಯಿಂದ ಎರಡೂ ಪಕ್ಕಕ್ಕೆ ಮನೆಯ ಮಾಡಿನಂತೆ ಇಳಿದು ಬಂದ, ಎಲ್ಲ ಸೇರಿ ಇಪ್ಪತ್ತು ಮೀಟರ್ ಉದ್ದದ ತಾಮ್ರದ ತಂತಿ. ನಡುವಿನಿಂದ ನನ್ನ ಐದನೆಯ ಮಹಡಿಯ ಕಿಟಕಿಗೆ ಇಳಿಯುವ ಒಂದು ಕೇಬಲ್. ಇಷ್ಟೇ. ಹನ್ನೊಂದು ವರ್ಷ ಅದು ಅಲ್ಲಿತ್ತು. ಅದೇ ತಾರಸಿಯ ಪೂರ್ವ ಮೂಲೆಯಲ್ಲಿ ಮೊಬೈಲ್ ಕಂಪನಿಯ ನಿಜವಾದ ಕಂಬಗಳಿವೆ, ಅವುಗಳಿಗೆ ಉಕ್ಕಿನ ಚೌಕಟ್ಟಿದೆ, ಬ್ಯಾಟರಿಗಳ ಕಪಾಟುಗಳಿವೆ. ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ಅವುಗಳ ಬಾಡಿಗೆ ಕರಾರಿನ ನವೀಕರಣ ಕೆಲವೇ ನಿಮಿಷಗಳಲ್ಲಿ ಅಂಗೀಕೃತವಾಯಿತು. ಅದರ ಬೆನ್ನಿಗೇ ನನ್ನ ತಂತಿಯ ವಿಷಯ ಬಂತು. ಕೈಗಳು ಮೇಲೆದ್ದವು, ತಂತಿ ಕೆಳಗಿಳಿಯಿತು.

ಆ ಸಭೆಯಲ್ಲಿ ಕೇಳಿದ ಆಕ್ಷೇಪಗಳಿಗೆ ಉತ್ತರ ಹೇಳಲು ನನಗೆ ಅವಕಾಶ ಸಿಗಲಿಲ್ಲ. ಸಿಕ್ಕಿದ್ದರೂ ‘ಚಹಾ ತಣ್ಣಗಾಗುತ್ತಿದೆ’ ಎಂಬ ಆತುರದಲ್ಲಿ ಯಾರೂ ಕೇಳುತ್ತಿರಲಿಲ್ಲವೇನೋ. ಇದು ನನ್ನೊಬ್ಬನ ಜಗಳವಾಗಿದ್ದರೆ ಈ ಬಳಗದ ಓದುಗರ ಮುಂದೆ ತರುತ್ತಿರಲಿಲ್ಲ. ಮುಂಬಯಿಯ ಹಾಗೂ ಉಪನಗರಗಳ ಹವ್ಯಾಸಿ ರೇಡಿಯೋದವರು ಇಂದು ಒಬ್ಬೊಬ್ಬರಾಗಿ ಮೌನವಾಗುತ್ತಿರುವುದು ಪರೀಕ್ಷೆ ಕಠಿಣವಾದುದರಿಂದಲ್ಲ, ಸಲಕರಣೆ ದುಬಾರಿಯಾದುದರಿಂದಲೂ ಅಲ್ಲ. ತಂತಿ ಕಟ್ಟಲು ಜಾಗವಿಲ್ಲದುದರಿಂದ. ಆ ಜಾಗವನ್ನು ನಿರಾಕರಿಸುವ ಹಕ್ಕು ಏಳೆಂಟು ಜನರ ಕಮಿಟಿಯ ಮರ್ಜಿಗೆ ಬಿಟ್ಟಿರುವುದು ತಪ್ಪು ಎಂಬುದೇ ನನ್ನ ವಾದ.

ಮೊದಲು, ಪರಿಚಯವಿಲ್ಲದವರಿಗಾಗಿ ಎರಡು ಮಾತು. ಹವ್ಯಾಸಿ ರೇಡಿಯೋ, ಅಂದರೆ ಜನ ಹ್ಯಾಮ್ ಎಂದು ಕರೆಯುವ ಈ ಚಟುವಟಿಕೆ ಕದ್ದುಮುಚ್ಚಿ ನಡೆಯುವಂಥದ್ದಲ್ಲ. ಕೇಂದ್ರ ಸರ್ಕಾರದ ಸಂಪರ್ಕ ಸಚಿವಾಲಯ ಪರೀಕ್ಷೆ ನಡೆಸಿ, ಪೊಲೀಸ್ ತಪಾಸಣೆ ಮಾಡಿಸಿ ಪರವಾನಗಿ ಕೊಡುತ್ತದೆ. 12 ವರ್ಷ ತುಂಬಿದ ಮಗುವೂ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಪಾಸಾದವರಿಗೆ ವಿಯು2 ಅಥವಾ ವಿಯು3 ಎಂದು ಆರಂಭವಾಗುವ ಕರೆ ಸಂಕೇತ ಸಿಗುತ್ತದೆ. ಜಗತ್ತಿನಲ್ಲಿ ಅದು ಇನ್ನೊಬ್ಬರಿಗಿರುವುದಿಲ್ಲ. 1978ರ ನಿಯಮಗಳ ಪ್ರಕಾರ ವ್ಯಾಪಾರದ ಮಾತು ಕೂಡದು, ಜಾಹೀರಾತು ಕೂಡದು, ಹಾಡು ಸುದ್ದಿಗಳ ಪ್ರಸಾರ ಕೂಡದು. ಯಾರೊಡನೆ ಯಾವಾಗ ಮಾತಾಡಿದೆ ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಆಡಿದ ಪ್ರತಿಯೊಂದು ಮಾತನ್ನೂ ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ಇಷ್ಟು ಬಯಲಿನಲ್ಲಿ ನಡೆಯುವ ಮಾತುಕತೆ ನಮ್ಮ ಕಾಲದಲ್ಲಿ ಬೇರೆ ಎಲ್ಲಿದೆ ಎಂದು ನನಗೆ ಆಶ್ಚರ್ಯವಾಗುತ್ತದೆ.

ತಂತಿ ಏಕೆ ಅಷ್ಟು ಉದ್ದ ಎಂಬುದಕ್ಕೂ ಕಾರಣವಿದೆ. ಆಂಟೆನಾದ ಉದ್ದವನ್ನು ನಿರ್ಧರಿಸುವುದು ಹಟವಲ್ಲ, ತರಂಗಾಂತರ. 7 ಮೆಗಾಹರ್ಟ್ಸ್ ಆವರ್ತನದ ಅಲೆಯ ಉದ್ದ ಸುಮಾರು 42 ಮೀಟರ್. ಅದರ ಅರ್ಧದಷ್ಟು ತಂತಿ ಬೇಕು. 14 ಮೆಗಾಹರ್ಟ್ಸಿಗೆ ಅದರ ಅರ್ಧ, ಅಂದರೆ ಹತ್ತು ಮೀಟರ್ ಸಾಕು. ಕೈಯಲ್ಲಿ ಹಿಡಿಯುವ ಸೆಟ್ಟುಗಳು ಬಳಸುವ 145 ಮೆಗಾಹರ್ಟ್ಸಿಗೆ ಅರ್ಧ ಮೀಟರಿನ ಕಡ್ಡಿಯಾದರೂ ಆದೀತು, ಆದರೆ ಅದರ ಮಾತು ಬಹುಮಟ್ಟಿಗೆ ಕಣ್ಣಿಗೆ ಕಾಣುವಷ್ಟು ದೂರಕ್ಕೆ ಮಾತ್ರ. ಎದುರಿಗೆ ನಲವತ್ತು ಮಹಡಿಯ ಕಟ್ಟಡವೆದ್ದರೆ ಅದೂ ಇಲ್ಲ. ಏಳು ಮೆಗಾಹರ್ಟ್ಸಿನ ಅಲೆ ಹಾಗಲ್ಲ. ಕಡಿಮೆ ಎತ್ತರದಲ್ಲಿ ಕಟ್ಟಿದ ತಂತಿಯಿಂದ ಅದು ನೇರ ಮೇಲಕ್ಕೆ ಹೋಗಿ, ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳಕ್ಕೆ ತಾಗಿ, ಮಳೆಯಂತೆ ಕೆಳಗಿಳಿಯುತ್ತದೆ. ಹಗಲು ಹೊತ್ತಿನಲ್ಲಿ ಮುಲುಂಡಿನ ಈ ಬಡ ತಂತಿಯಿಂದ ಧಾರವಾಡ, ಉಡುಪಿ, ಶಿವಮೊಗ್ಗಗಳೊಡನೆ ಮಾತಾಡುವುದಕ್ಕೆ ನಡುವೆ ಯಾವ ಕಂಪನಿಯೂ ಬೇಡ, ಉಪಗ್ರಹವೂ ಬೇಡ, ಸಮುದ್ರದಡಿಯ ಕೇಬಲೂ ಬೇಡ. ಇಲ್ಲೊಂದು ತಂತಿ, ಅಲ್ಲೊಂದು ತಂತಿ ಇದ್ದರಾಯಿತು.

ಇನ್ನು ಆಕ್ಷೇಪಗಳು. ಮೊದಲನೆಯದು ಬೀಳುವ ಭಯ. ಘಾಟ್ಕೋಪರಿನ ಸಾವುಗಳ ನಂತರ ಈ ಭಯವನ್ನು ನಗೆಯಾಡುವವನು ಮನುಷ್ಯನಲ್ಲ. ಆದರೆ ಬಿದ್ದದ್ದು ಏನು ಎಂದು ನೋಡಬೇಕು. 120 ಅಡಿ ಉದ್ದ, 120 ಅಡಿ ಅಗಲದ ಫಲಕವದು. ನಗರಪಾಲಿಕೆ ಒಪ್ಪುವ ಮಿತಿ 40ಕ್ಕೆ 40. ಗಾಳಿಯ ಒತ್ತಡ ಬೀಳುವುದು ಮುಖ್ಯವಾಗಿ ಗಾಳಿಗೆ ಎದುರಾದ ವಿಸ್ತೀರ್ಣದ ಮೇಲೆ. ಆ ಫಲಕದ ವಿಸ್ತೀರ್ಣ 14,400 ಚದರ ಅಡಿ. ಎರಡು ಮಿಲಿಮೀಟರ್ ದಪ್ಪದ, ಇಪ್ಪತ್ತು ಮೀಟರ್ ಉದ್ದದ ನನ್ನ ತಂತಿ ಗಾಳಿಗೆ ಒಡ್ಡುವ ವಿಸ್ತೀರ್ಣ ನಾವು ಕವಿತೆ ಬರೆಯುವ ಒಂದು ಎ4 ಹಾಳೆಗಿಂತ ಕಡಿಮೆ. ಪೈಪನ್ನೂ ಸೇರಿಸಿದರೆ ಐದು ಹಾಳೆಗಳನ್ನು ಮೀರದು. 2021ರ ಮೇ 17ರಂದು ತೌಕ್ತೆ ಚಂಡಮಾರುತ ಹಾದು ಹೋದಾಗ ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ 114 ಕಿಲೋಮೀಟರ್ ಮುಟ್ಟಿತ್ತು. ಅಂದು ನಮ್ಮ ಕಟ್ಟಡದ ಎರಡು ಕಿಟಕಿಗಳ ಮೇಲಿನ ತಗಡು ಹಾರಿ ರಸ್ತೆಗೆ ಬಿತ್ತು, ಆವರಣದ ಗುಲ್‌ಮೊಹರ್ ಮರ ಉರುಳಿತು. ತಂತಿ ನೇತಾಡುತ್ತಲೇ ಇತ್ತು.

ಅದೇ ಕಟ್ಟಡದ ಹೊರಗೋಡೆಯನ್ನು ಒಮ್ಮೆ ತಲೆಯೆತ್ತಿ ನೋಡಿ. ಪ್ರತಿ ಮಹಡಿಯಲ್ಲೂ ಏರ್ ಕಂಡೀಷನರಿನ ಹೊರಪೆಟ್ಟಿಗೆಗಳು ನೇತಾಡುತ್ತಿವೆ. ಒಂದೊಂದೂ ಮೂವತ್ತು ಕಿಲೋ ಆಜುಬಾಜು ತೂಗುತ್ತದೆ. ಅವುಗಳನ್ನು ಹೊತ್ತ ಕಬ್ಬಿಣದ ಬ್ರಾಕೆಟ್ಟುಗಳು ಈ ಊರಿನ ಉಪ್ಪುಗಾಳಿಗೆ ಎಷ್ಟು ತಿನ್ನಲ್ಪಟ್ಟಿವೆ ಎಂದು ಯಾರೂ ಪರೀಕ್ಷಿಸಿದ್ದಿಲ್ಲ. ಕೆಳಗೆ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಕಿಟಕಿಯ ಕಂಬಿಗಳಿಂದಾಚೆಗೆ ಚಾಚಿದ ಗೂಡಿನಲ್ಲಿ ಮಣ್ಣು ತುಂಬಿದ ಹೂಕುಂಡಗಳಿವೆ, ಟಿವಿಯ ತಟ್ಟೆಗಳಿವೆ. ಇವೆಲ್ಲವೂ ಸಹಜ, ಏಕೆಂದರೆ ಎಲ್ಲರ ಮನೆಯಲ್ಲೂ ಇವೆ. ಎಲ್ಲರಲ್ಲೂ ಇರುವ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಒಬ್ಬನಲ್ಲಿರುವ ವಿಚಿತ್ರ ಮಾತ್ರ ಅಪಾಯವಾಗಿ ಕಾಣುತ್ತದೆ. ನಮ್ಮ ಕಮಿಟಿ ಅಳೆದದ್ದು ತೂಕವನ್ನಲ್ಲ, ಅಪರಿಚಿತತೆಯನ್ನು.

ಎರಡನೆಯ ಆಕ್ಷೇಪ ವಿಕಿರಣದ್ದು. ‘ಮೇಲಿನ ಮಹಡಿಯವರಿಗೆ ತಲೆನೋವು ಬರುತ್ತದೆ’ ಎಂದು ಒಬ್ಬ ಮಹನೀಯರು ಸಭೆಯಲ್ಲಿ ಹೇಳಿದರು. ರೇಡಿಯೋ ತರಂಗ ಎಕ್ಸ್‌ರೇಯಂತೆ ಅಣುವನ್ನು ಒಡೆಯುವಂಥದ್ದಲ್ಲ. ಅತಿಯಾದರೆ ಬಿಸಿ ಮಾಡೀತು. ಆದ್ದರಿಂದ ದೂರ ಕಾಯಬೇಕು ಎಂಬುದು ನಿಜ, ಮತ್ತು ದೂರ ಹೆಚ್ಚಿದಂತೆ ಅದು ಬೇಗ ಕುಗ್ಗುತ್ತದೆ ಎಂಬುದೂ ನಿಜ. ದೂರ ಎರಡರಷ್ಟಾದರೆ ತೀವ್ರತೆ ನಾಲ್ಕನೇ ಒಂದಕ್ಕಿಳಿಯುತ್ತದೆ. ನಾನು ಬಳಸುವ ಸಾಮರ್ಥ್ಯ 100 ವ್ಯಾಟ್, ಅದೂ ಮಾತಾಡುವ ಕ್ಷಣಗಳಲ್ಲಿ; ದಿನಕ್ಕೆ ಇಪ್ಪತ್ತು ನಿಮಿಷ ಮಾತಾಡಿದರೆ ಹೆಚ್ಚು. ತಾರಸಿಯ ಮತ್ತೊಂದು ಮೂಲೆಯ ಕಂಬಗಳು ಹಗಲಿರುಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಅವುಗಳಿಂದ ಅಪಾಯವಿದೆ ಎಂದೂ ನಾನು ಹೇಳುವುದಿಲ್ಲ. 2012ರ ಸೆಪ್ಟೆಂಬರಿನಿಂದ ಭಾರತ ಮೊಬೈಲ್ ಕಂಬಗಳಿಗೆ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಂಶವನ್ನು ಮಾತ್ರ ವಿಧಿಸಿದೆ. ನಾನು ಕೇಳುವುದು ಇಷ್ಟೇ: ವಿಕಿರಣದ ಭಯ ನಿಜವಾಗಿದ್ದರೆ ಬಾಡಿಗೆ ಕೊಡುವ ಕಂಬದ ಎದುರು ಅದು ಏಕೆ ಬಾಯಿ ಕಟ್ಟಿಕೊಳ್ಳುತ್ತದೆ? ತಿಂಗಳ ಮೊದಲ ವಾರ ಖಾತೆಗೆ ಹಣ ಬೀಳುವ ತರಂಗದಿಂದ ತಲೆನೋವು ಬರುವುದಿಲ್ಲವೇ?

ಟಿವಿಗೆ ತೊಂದರೆಯಾಗುತ್ತದೆ ಎಂಬ ಹಳೆಯ ದೂರೂ ಇತ್ತು. ತಾರಸಿಯ ಮೇಲೆ ಅಲ್ಯುಮಿನಿಯಂ ಕಡ್ಡಿಗಳ ಆಂಟೆನಾ ಇದ್ದ ಕಾಲದಲ್ಲಿ ಅದರಲ್ಲಿ ಸತ್ಯವಿತ್ತು. ಇಂದು ತೊಂದರೆ ಬಹುಪಾಲು ತಿರುಗುಮುರುಗಾಗಿದೆ. ಅಗ್ಗದ ಎಲ್‌ಇಡಿ ಬಲ್ಬುಗಳು, ಫೋನಿನ ಚಾರ್ಜರುಗಳು, ಲಿಫ್ಟಿನ ಮೋಟಾರು ಎಲ್ಲ ಸೇರಿ ಎಬ್ಬಿಸುವ ಗದ್ದಲದಲ್ಲಿ ದೂರದ ಸಣ್ಣ ದನಿಯೊಂದನ್ನು ಹೆಕ್ಕಿ ತೆಗೆಯುವುದು ಹವ್ಯಾಸಿಯ ದಿನನಿತ್ಯದ ಪಾಡು. ನಾವು ಯಾರ ಮನೆಯ ಬಲ್ಬನ್ನೂ ತೆಗೆಸಿಲ್ಲ. ಫೆರೈಟ್ ಉಂಗುರಗಳನ್ನು ನಮ್ಮ ದುಡ್ಡಿನಲ್ಲೇ ತಂದು ಪಕ್ಕದ ಮನೆಯ ತಂತಿಗೆ ಸುತ್ತಿಕೊಟ್ಟಿದ್ದೇವೆ.

ಮೂರನೆಯ ಆಕ್ಷೇಪವೇ ನಿಜವಾದದ್ದು. ಉಳಿದವು ಅದರ ಮುಖವಾಡಗಳು. ‘ಈ ಕಾಲದಲ್ಲಿ ಇದೆಲ್ಲ ಏಕೆ ಬೇಕು? ಮೊಬೈಲ್ ಇದೆಯಲ್ಲ?’ ಇದನ್ನು ಸೊಸೈಟಿಯವರು ಮಾತ್ರವಲ್ಲ, ನಮ್ಮ ಬಳಗದ ಗೆಳೆಯರೂ ಕೇಳಿದ್ದಾರೆ.

ಇದಕ್ಕೆ ಹವ್ಯಾಸಿಗಳು ಸಾಮಾನ್ಯವಾಗಿ ಕೊಡುವ ಉತ್ತರ ವಿಪತ್ತಿನದು. ಅದು ಸುಳ್ಳಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಈ ಊರಿನ ಮೊಬೈಲುಗಳು ಕೈಯಲ್ಲಿನ ಸೋಪಿನ ಬಿಲ್ಲೆಗಳಾದವು. ಕುರ್ಲಾದಿಂದ ಮುಲುಂಡಿಗೆ ಸೊಂಟದವರೆಗಿನ ನೀರಿನಲ್ಲಿ ಅಪರಿಚಿತರ ಕೈ ಹಿಡಿದು ಇಡೀ ರಾತ್ರಿ ನಡೆದವನು ನಾನು. ಮನೆಯಲ್ಲಿ ನಾನು ಬದುಕಿದ್ದೇನೆಂದು ತಿಳಿದದ್ದು ಬಾಗಿಲು ತಟ್ಟಿದಾಗ. ಪರೀಕ್ಷೆಗೆ ಕೂರುವ ಆಸೆ ಹುಟ್ಟಿದ್ದು ಆ ರಾತ್ರಿ. 2020ರ ಅಕ್ಟೋಬರ್ 12ರಂದು ಇಡೀ ಮುಂಬಯಿಯ ವಿದ್ಯುತ್ ಗಂಟೆಗಟ್ಟಲೆ ಕೈಕೊಟ್ಟಿತು. ಮೊಬೈಲ್ ಕಂಬದ ಬ್ಯಾಟರಿಗೂ ಒಂದು ಆಯುಷ್ಯವಿದೆ ಎಂಬುದು ಅಂಥ ದಿನಗಳಲ್ಲಿ ನೆನಪಾಗುತ್ತದೆ. 2001ರ ಭುಜ್ ಭೂಕಂಪದಲ್ಲಿ, 2004ರ ಸುನಾಮಿಯ ವೇಳೆ ಅಂಡಮಾನಿನಲ್ಲಿ, ಎಲ್ಲ ತಂತಿಗಳೂ ಕಡಿದಾಗ ಸುದ್ದಿ ಹೊತ್ತವರು ಹವ್ಯಾಸಿಗಳು. ಅಂದು ಪೋರ್ಟ್ ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಅವರು ಹವ್ಯಾಸಕ್ಕಾಗಿ ಒಯ್ದ ಆಂಟೆನಾವೇ ದ್ವೀಪಗಳ ದನಿಯಾಯಿತು. ಅದು ಮೊದಲೇ ಕಟ್ಟಿ ನಿಂತಿತ್ತು ಎಂಬುದು ಇಲ್ಲಿ ಮುಖ್ಯ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲಾಗುವುದಿಲ್ಲ. ಪ್ರವಾಹ ಬಂದಾಗ ಕಮಿಟಿಯ ಸಭೆ ಕರೆದು ತಂತಿ ಕಟ್ಟಲೂ ಆಗುವುದಿಲ್ಲ.

ಆದರೆ ವಿಪತ್ತಿನ ಹೆಸರೊಂದನ್ನೇ ಮುಂದಿಟ್ಟು ಜಾಗ ಬೇಡುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ಬೇಡಿದರೆ ಉಪಯೋಗವಿದ್ದರೆ ಮಾತ್ರ ಬದುಕಲು ಹಕ್ಕು ಎಂಬ ಲೆಕ್ಕವನ್ನು ನಾವೂ ಒಪ್ಪಿದಂತಾಗುತ್ತದೆ. ಹಗಲೆಲ್ಲ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯ ಬೆಂಚಿನ ಮೇಲೆ ಕನ್ನಡ ಕಲಿತ ಹುಡುಗರು ಕಟ್ಟಿದ ಊರು ನಮ್ಮ ಈ ಕನ್ನಡ ಮುಂಬಯಿ. ಅವರು ಆಡಿದ ನಾಟಕಗಳಿಗೆ, ಹೊರತಂದ ಕೈಬರಹದ ಪತ್ರಿಕೆಗಳಿಗೆ ಯಾವ ಉಪಯೋಗವಿತ್ತು? ಮಾಟುಂಗದ ಸಭಾಂಗಣಗಳಲ್ಲಿ ಇಪ್ಪತ್ತು ಜನರ ಮುಂದೆ ನಾವು ಓದುವ ಕವಿತೆಗಳಿಗೆ ಯಾವ ಉಪಯೋಗವಿದೆ? ಸ್ವಂತ ಕೈಯಿಂದ, ಸಂಬಳವಿಲ್ಲದೆ, ಪ್ರೀತಿಯಿಂದ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಹವ್ಯಾಸ ಎನ್ನುತ್ತೇವೆ. ಹವ್ಯಾಸಿ ರಂಗಭೂಮಿಗೆ ಜಾಗ ಬೇಡುವವರು ಹವ್ಯಾಸಿ ರೇಡಿಯೋಗೆ ಏಕೆ ಮುಖ ಸಿಂಡರಿಸಬೇಕು?

ಅದೂ ನಾವು, ಕನ್ನಡಿಗರು! 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಮನೆಯಿಂದ 30 ವ್ಯಾಟಿನ ಪುಟ್ಟ ಪ್ರಸಾರ ಯಂತ್ರವೊಂದನ್ನು ಹಚ್ಚಿದರು. ನನ್ನ ಸೆಟ್ಟಿನ ಮೂರನೇ ಒಂದರಷ್ಟೂ ಶಕ್ತಿಯಿಲ್ಲದ ಯಂತ್ರ. ಆ ಮನೆಯ ಪ್ರಯೋಗಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಆ ಮೇಷ್ಟರು ಇಂದು ಮುಂಬಯಿಯ ಯಾವುದೋ ಸೊಸೈಟಿಯ ಸದಸ್ಯರಾಗಿದ್ದರೆ ಅವರಿಗೂ ಹದಿನೈದು ದಿನಗಳ ನೋಟೀಸು ತಪ್ಪುತ್ತಿರಲಿಲ್ಲ. ರಾತ್ರಿ ಹೊತ್ತು ಧಾರವಾಡದ ನಿಲಯವನ್ನು ಹಿಡಿಯಲೆಂದು ಗಿರಣಗಾವಿನ ಚಾಳುಗಳ ಮಾಡಿನಡಿಯಲ್ಲಿ ತಾಮ್ರದ ಜಾಲರಿಪಟ್ಟಿ ಕಟ್ಟಿದ ನಮ್ಮ ಹಿರಿಯರನ್ನು ಮರೆತವರು ಮಾತ್ರ ತಂತಿಯನ್ನು ಅನಾಗರಿಕ ಎನ್ನಬಲ್ಲರು.

ಮುಂಬಯಿಗೂ ತನ್ನ ನೆನಪು ಮಾಸಿದೆ. ಈ ದೇಶದ ಮೊದಲ ಪ್ರಸಾರಗಳನ್ನು 1923ರ ಜೂನ್‌ನಲ್ಲಿ ನಡೆಸಿದ್ದು ಇದೇ ಊರಿನ ರೇಡಿಯೋ ಕ್ಲಬ್ಬಿನ ಹವ್ಯಾಸಿಗಳು. 1942ರಲ್ಲಿ ಗಾಂಧೀಜಿ ಸೆರೆಯಾದ ಮೇಲೆ, ಪತ್ರಿಕೆಗಳ ಬಾಯಿ ಮುಚ್ಚಿಸಿದ ಮೇಲೆ, ಇಪ್ಪತ್ತೆರಡರ ಹರೆಯದ ಉಷಾ ಮೆಹ್ತಾ ಮತ್ತು ಅವರ ಸಂಗಡಿಗರು ಚೌಪಾಟಿಯ ಸೀ ವ್ಯೂ ಕಟ್ಟಡದ ಮೇಲಿನ ಮಹಡಿಯಿಂದ ಗುಪ್ತ ಕಾಂಗ್ರೆಸ್ ರೇಡಿಯೋ ನಡೆಸಿದರು. ಯಂತ್ರ ಕಟ್ಟಿಕೊಟ್ಟವರು ನಾರಿಮನ್ ಪ್ರಿಂಟರ್ ಎಂಬ ಹವ್ಯಾಸಿ. ಜಾಡು ಹಿಡಿಯುವ ಪೊಲೀಸ್ ಗಾಡಿಗಳಿಂದ ತಪ್ಪಿಸಿಕೊಳ್ಳಲು ಮನೆಯಿಂದ ಮನೆಗೆ ಯಂತ್ರವನ್ನು ಸಾಗಿಸುತ್ತ, ನವೆಂಬರ್ 12ರಂದು ಸಿಕ್ಕಿಬೀಳುವವರೆಗೂ ಅದು ಮಾತಾಡಿತು. ಅದರ ತರಂಗಾಂತರ 42.34 ಮೀಟರ್. ಗುಣಾಕಾರ ಭಾಗಾಕಾರ ಬಲ್ಲ ಯಾರೂ ಲೆಕ್ಕ ಹಾಕಬಹುದು: ಅದು ಸುಮಾರು 7.08 ಮೆಗಾಹರ್ಟ್ಸ್. ನನ್ನ ತಂತಿ ಯಾವ ಪಟ್ಟಿಗೆಂದು ಕತ್ತರಿಸಲ್ಪಟ್ಟಿತ್ತೋ ಅದೇ ಪಟ್ಟಿ. ಶಾಲೆಯ ಪಾಠದಲ್ಲಿ ಉಷಾ ಮೆಹ್ತಾರ ಕತೆ ಬಂದಾಗ ನಮ್ಮ ಸೊಸೈಟಿಯ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅವರ ತಂದೆತಾಯಿಗಳು ತಾರಸಿಯ ಮೇಲೆ ಅಂಥದೇ ತಂತಿ ಕಂಡಾಗ ವಾಚ್‌ಮನ್ನನ್ನು ಕಳಿಸುತ್ತಾರೆ. ಇದೇ 2005ರಲ್ಲಿ, ಆ ಮಹಾಮಳೆಗೆ ಮೂರು ತಿಂಗಳೂ ಇಲ್ಲದಾಗ, ಮೇ 5ರಂದು ಇಸ್ರೋ ಹವ್ಯಾಸಿಗಳಿಗಾಗಿಯೇ ಹ್ಯಾಮ್‌ಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತ್ತು. ಕಕ್ಷೆಯಲ್ಲಿ ಜಾಗ ಸಿಕ್ಕಿತು, ತಾರಸಿಯಲ್ಲಿ ಸಿಗಲಿಲ್ಲ.

ಕಾನೂನು ಏನನ್ನುತ್ತದೆ? ಪರವಾನಗಿ ಆಕಾಶವನ್ನು ಕೊಡುತ್ತದೆ, ತಾರಸಿಯನ್ನಲ್ಲ. ಸಹಕಾರಿ ಸೊಸೈಟಿಯ ತಾರಸಿ ಎಲ್ಲರಿಗೂ ಸೇರಿದ್ದು; ಅಲ್ಲಿ ಏನು ಕಟ್ಟುವುದಕ್ಕೂ ಸೊಸೈಟಿಯ ಒಪ್ಪಿಗೆ ಬೇಕು. ಇದು ಸರಿಯೇ. ಆದರೆ ‘ಎಲ್ಲರದು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಎಲ್ಲರಿಗೂ ಒಂದಿಷ್ಟು ಪಾಲಿದೆ ಎಂಬುದು ಒಂದು. ಯಾರಿಗೂ ಇಲ್ಲ, ಬಾಡಿಗೆದಾರನಿಗೆ ಮಾತ್ರ ಎಂಬುದು ಇನ್ನೊಂದು. ನಾವು ಎರಡನೆಯದನ್ನು ಆರಿಸಿಕೊಂಡಿದ್ದೇವೆ. 1885ರ ತಂತಿ ಕಾಯಿದೆಯ ಜಾಗಕ್ಕೆ ತಂದ 2023ರ ದೂರಸಂಪರ್ಕ ಕಾಯಿದೆಯಲ್ಲಿ ಕಂಪನಿಗಳ ಜಾಲಕ್ಕೆ ‘ದಾರಿಯ ಹಕ್ಕು’ ಎಂಬ ಅಧ್ಯಾಯವೇ ಇದೆ. ಅಮೆರಿಕದ ಸಂಪರ್ಕ ಆಯೋಗ 1985ರಲ್ಲೇ ಸ್ಥಳೀಯ ಆಡಳಿತಗಳು ಹವ್ಯಾಸಿಯ ಆಂಟೆನಾಕ್ಕೆ ನ್ಯಾಯವಾದ ಮಟ್ಟಿಗೆ ಅವಕಾಶ ಮಾಡಿಕೊಡಬೇಕೆಂದು ಆದೇಶಿಸಿತು. ಅಲ್ಲಿಯೂ ಖಾಸಗಿ ವಸತಿ ಸಂಘಗಳ ಕರಾರುಗಳನ್ನು ಆ ಆದೇಶ ಮುಟ್ಟುವುದಿಲ್ಲ. ಆ ಹೋರಾಟ ಅವರಿಗೂ ಮುಗಿದಿಲ್ಲ. ಆದರೆ ತತ್ವ ಸ್ಪಷ್ಟ. ಪ್ರಭುತ್ವ ಒಂದು ಕೈಯಲ್ಲಿ ಪರವಾನಗಿ ಕೊಟ್ಟ ಮೇಲೆ ಅದನ್ನು ಬಳಸಲು ಬೇಕಾದ ಕನಿಷ್ಠ ಜಾಗದ ಬಗ್ಗೆ ಇನ್ನೊಂದು ಕೈ ಕಟ್ಟಿ ಕೂರಲಾಗದು.

ಇಷ್ಟೆಲ್ಲ ಹೇಳಿದವನು ನಮ್ಮವರ ತಪ್ಪುಗಳನ್ನು ಹೇಳದಿದ್ದರೆ ವಾದ ಅರ್ಧವಾಗುತ್ತದೆ. ಮುಂಬಯಿಯ ತಾರಸಿಗೆ ಒಂದು ದೊಡ್ಡ ಶತ್ರುವಿದೆ: ಸೋರಿಕೆ. ಲಕ್ಷಾಂತರ ರೂಪಾಯಿ ಸುರಿದು ಹಾಕಿಸಿದ ನೀರುನಿರೋಧಕ ಪದರಕ್ಕೆ ಡ್ರಿಲ್ ಹಾಕಿ ಬೋಲ್ಟ್ ಹೊಡೆದ ಹವ್ಯಾಸಿಗಳನ್ನು ನಾನು ಬಲ್ಲೆ. ಜೂನ್ ಎರಡನೆಯ ವಾರ ಮಳೆ ಹಿಡಿದರೆ ಮೇಲಿನ ಮಹಡಿಯ ಹೆಂಗಸು ಮಲಗುವ ಕೋಣೆಯಲ್ಲಿ ಬಕೆಟ್ ಇಡಬೇಕು. ಆಕೆಯ ಸಿಟ್ಟು ನ್ಯಾಯವಾದದ್ದು. ಯಾರನ್ನೂ ಕೇಳದೆ ರಾತ್ರೋರಾತ್ರಿ ಕಂಬ ನಿಲ್ಲಿಸಿದವರಿದ್ದಾರೆ. ಕಟ್ಟಿ ಮರೆತವರು ಇನ್ನೂ ಹೆಚ್ಚು. ಈ ಊರಿನಲ್ಲಿ ಕಬ್ಬಿಣ ಎರಡು ಮಳೆಗಾಲಕ್ಕೆ ಪುಡಿಯಾಗುತ್ತದೆ. ಬಿಗಿತಂತಿಯ ಕ್ಲಾಂಪು ತುಕ್ಕು ಹಿಡಿದು ಸಡಿಲುತ್ತದೆ. ಕೇಬಲಿನ ಜೋಡಣೆಯೊಳಗೆ ನೀರು ಸೇರಿ ತಾಮ್ರದ ಹೆಣಿಗೆ ಹಸಿರಾಗುತ್ತದೆ. ಬಿಸಿಲು ನೈಲಾನ್ ಹಗ್ಗವನ್ನು ಒಣಹುಲ್ಲು ಮಾಡುತ್ತದೆ. ಸಂಕ್ರಾಂತಿಯ ಗಾಳಿಪಟದ ಮಾಂಜಾ ಸುತ್ತಿಕೊಂಡು ಪಾರಿವಾಳಗಳು ಸಾಯುತ್ತವೆ. ವರ್ಷಕ್ಕೆರಡು ಬಾರಿ ಮೇಲೆ ಹತ್ತಿ ನೋಡದವನಿಗೆ ಆಂಟೆನಾ ಇಡುವ ಹಕ್ಕಿಲ್ಲ. ಮೇ ತಿಂಗಳಲ್ಲಿ ಪ್ರತಿ ನಟ್ಟು ಬೋಲ್ಟನ್ನು ಮುಟ್ಟಿ ನೋಡಬೇಕು. ಕಬ್ಬಿಣದ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕು. ಜೋಡಣೆಗಳಿಗೆ ರಬ್ಬರ್ ಪಟ್ಟಿ ಸುತ್ತಿ ಮುಚ್ಚಬೇಕು. ಕೇಬಲ್ ಕಿಟಕಿ ಹೊಗುವ ಮುನ್ನ ಕೆಳಗೆ ಬಾಗಿಸಿ, ನೀರು ಅಲ್ಲೇ ತೊಟ್ಟಿಕ್ಕುವಂತೆ ಬಿಡಬೇಕು. ಕಂಬವನ್ನು ಭೂಮಿಗೆ ಅರ್ಥ್ ಮಾಡಬೇಕು. ಗುಡುಗು ಕೇಳಿದೊಡನೆ ಸೆಟ್ಟಿನಿಂದ ಕೇಬಲ್ ಕಳಚಬೇಕು. ಅಕ್ಟೋಬರಿನಲ್ಲಿ, ಮಳೆ ಹಿಂದೆಗೆದ ಮೇಲೆ, ಇದೇ ಪೂಜೆ ಇನ್ನೊಮ್ಮೆ.

ಹೀಗಾಗಿ ನಾನು ಕೇಳುವುದು ವಿನಾಯಿತಿಯನ್ನಲ್ಲ, ನಿಯಮವನ್ನು. ಮಾದರಿ ಉಪವಿಧಿಗಳಲ್ಲಿ ಒಂದು ಪುಟ ಸೇರಿದರೆ ಸಾಕು. ಪರವಾನಗಿಯ ಪ್ರತಿ ಕೊಟ್ಟ ಸದಸ್ಯನಿಗೆ ತಾರಸಿಯಲ್ಲಿ ಒಂದು ತಂತಿಗೋ ಸಣ್ಣ ಕಂಬಕ್ಕೋ ಅವಕಾಶ. ಎತ್ತರಕ್ಕೂ ತೂಕಕ್ಕೂ ಮಿತಿ. ವಿಮಾನ ನಿಲ್ದಾಣದ ಸುತ್ತಲಿನ ಎತ್ತರದ ಕಟ್ಟಳೆಗಳಿಗೆ ಅದು ಒಳಪಟ್ಟಿರಲಿ. ನೆಲಕ್ಕೆ ರಂಧ್ರ ಕೂಡದು. ಗೋಡೆಗೆ ಪಟ್ಟಿ ಅಥವಾ ಭಾರದ ಬುಡ. ಜನ ನಿಲ್ಲುವ ಜಾಗದಿಂದ ಸಾಕಷ್ಟು ದೂರ. ವರ್ಷಕ್ಕೆರಡು ತಪಾಸಣೆ, ಅದರ ದಾಖಲೆ ಸೊಸೈಟಿಯ ಕಚೇರಿಯಲ್ಲಿ. ಮೂರನೆಯವರಿಗೆ ಹಾನಿಯಾದರೆ ತುಂಬಿಕೊಡುವ ವಿಮೆ, ಹವ್ಯಾಸಿಯ ಖರ್ಚಿನಲ್ಲಿ. ತಪ್ಪಿದರೆ ತೆಗೆಸುವ ಅಧಿಕಾರ ಕಮಿಟಿಗಿರಲಿ. ಆದರೆ ಇಲ್ಲ ಎನ್ನುವುದಾದರೆ ಕಾರಣವನ್ನು ತಿಂಗಳೊಳಗೆ ಬರೆದು ಕೊಡಲಿ, ಮತ್ತು ಆ ಕಾರಣ ಅಳೆಯಲು ಬರುವಂಥದ್ದಾಗಿರಲಿ. ‘ಚೆನ್ನಾಗಿ ಕಾಣುವುದಿಲ್ಲ’, ‘ಯಾರೂ ಹೀಗೆ ಇಟ್ಟುಕೊಂಡಿಲ್ಲ’ ಎಂಬುವು ಕಾರಣಗಳಲ್ಲ. ಇದೇ ತಪಾಸಣೆಯನ್ನು ಏರ್ ಕಂಡೀಷನರಿನ ಬ್ರಾಕೆಟ್ಟುಗಳಿಗೂ ವಿಸ್ತರಿಸಿದರೆ ಸೊಸೈಟಿಗೇ ಲಾಭ.

ಡೊಂಬಿವಲಿಯ ನನ್ನ ಹಿರಿಯ ಮಿತ್ರರೊಬ್ಬರ ವಿಷಯ ಹೇಳಿ ಮುಗಿಸುತ್ತೇನೆ. ನಲವತ್ತು ವರ್ಷ ಮಧ್ಯ ರೈಲ್ವೆಯಲ್ಲಿ ದುಡಿದವರು, ಕುಂದಾಪುರ ಕಡೆಯವರು. ಕಣ್ಣು ಮಂಜಾದ ಮೇಲೆ ಓದು ನಿಂತಿತು, ಕಾಲು ಸೋತ ಮೇಲೆ ಸಭೆಗಳಿಗೆ ಬರುವುದು ನಿಂತಿತು. ಆದರೆ ಪ್ರತಿ ಬೆಳಿಗ್ಗೆ ಏಳು ಗಂಟೆಗೆ ಏಳು ಮೆಗಾಹರ್ಟ್ಸಿನಲ್ಲಿ ಅವರ ದನಿ ತಪ್ಪುತ್ತಿರಲಿಲ್ಲ. ಬೆಂಗಳೂರು, ಹುಬ್ಬಳ್ಳಿ, ಪುಣೆಗಳ ಹತ್ತಾರು ಜನ ಒಬ್ಬೊಬ್ಬರಾಗಿ ಹಾಜರಿ ಹೇಳುವ ಆ ಅರ್ಧ ಗಂಟೆಯಲ್ಲಿ ಅವರು ಎಂಬತ್ತರ ಮುದುಕರಾಗಿರಲಿಲ್ಲ. ಒಂದು ಕರೆ ಸಂಕೇತವಾಗಿದ್ದರು, ಎಲ್ಲರೂ ಗೌರವದಿಂದ ಕಾದು ಕೇಳುವ ದನಿಯಾಗಿದ್ದರು. ‘ಏನು ಮಾರಾಯ್ರೇ, ನಿಮ್ಮಲ್ಲಿ ಮಳೆ ಉಂಟಾ?’ ಎಂಬ ಒಂದು ಪ್ರಶ್ನೆಗೆ ನಾಲ್ಕು ಜಿಲ್ಲೆಗಳಿಂದ ಉತ್ತರ ಬರುತ್ತಿತ್ತು.

ಅವರ ಕಟ್ಟಡ ಪುನರಭಿವೃದ್ಧಿಗೆ ಹೋಯಿತು. ಮೂರು ವರ್ಷ ಬಾಡಿಗೆ ಮನೆ, ಅಲ್ಲಿ ತಂತಿಗೆ ಅವಕಾಶವಿಲ್ಲ. ಆಮೇಲೆ ಹೊಸ ಗೋಪುರ ಎದ್ದಿತು. ಅದರ ತಾರಸಿಯಲ್ಲಿ ಹುಲ್ಲುಹಾಸು, ಬಣ್ಣದ ದೀಪಗಳು, ಬೀಗ. ಅವರ ಮಗ ಮೂರು ಸಲ ಅರ್ಜಿ ಕೊಟ್ಟ. ಉತ್ತರ ಬರಲಿಲ್ಲ, ಇಲ್ಲ ಎಂಬ ಉತ್ತರವೂ ಬರಲಿಲ್ಲ. ತೀರಿಕೊಂಡ ಹವ್ಯಾಸಿಯನ್ನು ನಮ್ಮ ಬಳಗ ‘ಸೈಲೆಂಟ್ ಕೀ’ ಎನ್ನುತ್ತದೆ, ಮೌನವಾದ ಕೀಲಿ ಎಂಬ ಅರ್ಥದಲ್ಲಿ. ನನ್ನ ಮಿತ್ರರು ಬದುಕಿದ್ದಾಗಲೇ ಅದಾದರು. ಹೋದ ಸಲ ಹೋದಾಗ ಸೆಟ್ಟಿನ ಮೇಲೆ ಕಸೂತಿಯ ಬಟ್ಟೆ ಹೊದಿಸಿತ್ತು. ಕೈಯಾಡಿಸಿ ಗುಂಡಿಯನ್ನು ಹುಡುಕಿ ತಿರುಗಿಸಿದರು. ಕೋಣೆಯೊಳಗಿನ ಗಜ ಉದ್ದದ ತಂತಿಗೆ ಲಿಫ್ಟಿನ, ಬಲ್ಬುಗಳ ಗೊರಗೊರವಲ್ಲದೆ ಬೇರೇನೂ ಸಿಗಲಿಲ್ಲ. ‘ಇರ್ಲಿ ಬಿಡಿ, ಅವರೆಲ್ಲ ಅಲ್ಲೇ ಇದ್ದಾರಲ್ಲ’ ಎಂದರು.

ಹೌದು, ಅವರೆಲ್ಲ ಅಲ್ಲೇ ಇದ್ದಾ‌ರೆ. ಬೆಳಿಗ್ಗೆ ಏಳಕ್ಕೆ ಅವರ ದನಿಗಳು ಡೊಂಬಿವಲಿಯ ಆ ತಾರಸಿಯ ಮೇಲೂ, ಮುಲುಂಡಿನ ನಮ್ಮ ತಾರಸಿಯ ಮೇಲೂ ಬಂದಿಳಿಯುತ್ತವೆ. ಬರುವ ಸೆಪ್ಟೆಂಬರಿನ ಮಹಾಸಭೆಗೆ ನನ್ನ ಅರ್ಜಿ ಸಿದ್ಧವಾಗಿದೆ: ಲೆಕ್ಕ, ನಕ್ಷೆ, ವಿಮೆಯ ಕಾಗದ, ತಪಾಸಣೆಯ ವೇಳಾಪಟ್ಟಿ ಎಲ್ಲ ಸೇರಿ ಹನ್ನೊಂದು ಪುಟ. ನಿಮ್ಮ ನಿಮ್ಮ ಸೊಸೈಟಿಯಲ್ಲಿ ಇಂಥ ಅರ್ಜಿಯೊಂದು ಬಂದ ದಿನ, ಕೈ ಎತ್ತುವ ಮುನ್ನ ದಯವಿಟ್ಟು ಒಮ್ಮೆ ಓದಿ.